ಹೊಗೆ ಕಾಣಲಿಲ್ಲ

“ನನ್ನ ಮಗಳು ನಿಜವಾಗಿ ಸೋತದ್ದಾ ಸಾರ್?”

ಕಾಫಿ ಲೋಟ ನನ್ನ ಮುಂದಿಟ್ಟು ಶೀನ ಕೇಳಿದ. ಹತ್ತೊಂಬತ್ತು ದಿನಗಳಿಂದ ಅವನು ನನ್ನನ್ನು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಮಗಳು ಎಲ್ಲಿ ಎಂದು ಪೊಲೀಸರನ್ನು ಕೇಳುತ್ತಾನೆ, ಚಂದ್ರಮತಿಯನ್ನು ಕೇಳುತ್ತಾನೆ, ದೇವರನ್ನೂ ಕೇಳುತ್ತಿರಬಹುದು. ನನ್ನನ್ನು ಮಾತ್ರ ಇದನ್ನು ಕೇಳುತ್ತಾನೆ. ಅಶ್ವಿತಾ ಸೋತಳು ಎಂದು ಬರೆದು ಕೆಳಗೆ ತಿರುಮಲ ಎಂದು ಸಹಿ ಹಾಕಿದವನು ನಾನೇ ತಾನೆ.

ಮಧ್ಯಾಹ್ನ ಮೂರು ಗಂಟೆ. ಸೌಕಾರ್‌ಪೇಟೆಯ ಆ ಹೋಟೆಲಿನಲ್ಲಿ ಊಟ ಮುಗಿದು ಟಿಫಿನ್ ಇನ್ನೂ ಶುರುವಾಗದ ಹೊತ್ತು. ಕಾಪುವಿನ ಕಡೆಯಿಂದ ಬಂದ ಶೀನ ಇಲ್ಲಿ ಸಪ್ಲಾಯರ್ ಆಗಿ ಸೇರಿ ಮೇಲ್ವಿಚಾರಕನಾದವನು. ಗಲ್ಲಾದ ಹಿಂದಿನ ಗೋಡೆಯಲ್ಲಿ ಒಂದು ಫೋಟೋ ಇತ್ತು. ಈ ವರ್ಷದ ಕ್ರೀಡಾಕೂಟದ ದಿನ, ಈ ಹೋಟೆಲಿನವರೇ ಹಾಕಿದ್ದ ಊಟದ ಕೌಂಟರಿನ ಎದುರು ಅಪ್ಪ ಮಗಳು. ಶೀನನ ಕೈಯಲ್ಲಿ ಸೌಟು, ಅಶ್ವಿತಾಳ ಎದೆಯ ಮೇಲೆ ಓಟದ ನಂಬರು, ಹಿಂದೆ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ಊಟದ ಪಟ್ಟಿ. ಇಬ್ಬರೂ ನಗುತ್ತಿದ್ದಾರೆ. ಕಾಣೆಯಾದವರ ಪೋಸ್ಟರಿಗೆ ಪೊಲೀಸರು ಮುಖ ಕತ್ತರಿಸಿಕೊಂಡದ್ದು ಇದೇ ಫೋಟೋದಿಂದ. ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದೆ.

ಒಂದು ಗುರುವಾರ ಮನೆಯಿಂದ ಹೊರಟ ಹುಡುಗಿ ಹಿಂದಿರುಗಲಿಲ್ಲ. ಭಾನುವಾರ ಅವಳ ಸ್ಕೂಟರು ಮಣಲಿಯ ಕಾಲುವೆಯ ದಂಡೆಯಲ್ಲಿ ಸಿಕ್ಕಿತು. ಪೊಲೀಸರು ನಾಲ್ಕು ದಿನ ನೀರು ಜಾಲಾಡಿ, ಏನೂ ಸಿಗದೆ, ಸೋಲಿನ ದುಃಖಕ್ಕೆ ಆತ್ಮಹತ್ಯೆ ಎಂದು ಬರೆದುಕೊಂಡು ಬೇರೆ ಕೇಸು ಹಿಡಿದರು.

“ಎಂತ ಪ್ರೊಫೆಸರ್ರೇ, ಫೋನಲ್ಲಿ ಹೇಳ್ಲಿಕ್ಕಾಗದ್ದು?”

ಚಂದ್ರಮತಿ ಕುರ್ಚಿ ಎಳೆದುಕೊಂಡು ಕೂತಳು. ಕ್ರೈಂ ಬ್ರಾಂಚಿನಲ್ಲಿ ಸಬ್ ಇನ್‌ಸ್ಪೆಕ್ಟರಾಗಿದ್ದು ನಿವೃತ್ತಳಾದವಳು, ಶೀನನಿಗೆ ದೂರದ ಸಂಬಂಧದಲ್ಲಿ ಅಕ್ಕ. ಪೊಲೀಸರು ಕೈಬಿಟ್ಟ ಮೇಲೆ ಈ ಕೇಸು ಅವಳದು. ನಾನು ಅವಳಿಗೆ ಸಹಾಯಕನೋ, ಆರೋಪಿಯೋ, ಇನ್ನೂ ಅವಳು ಹೇಳಿರಲಿಲ್ಲ.

ನಾನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ.

“ಎಸೆಸೆಲ್ಸಿಯಲ್ಲಿ ಲೆಕ್ಕಕ್ಕೆ ನನಗೆ ಮೂವತ್ತೈದು. ಅದನ್ನು ನೆನಪಲ್ಲಿಟ್ಟುಕೊಂಡು ಹೇಳಿ,” ಎಂದಳು.

ಹೇಳಿದೆ. ಮಣಲಿಯ ಒಂದು ರಾಸಾಯನಿಕ ಕಾರ್ಖಾನೆ ಕೂಟದ ಅತ್ಯುತ್ತಮ ಓಟಗಾರ್ತಿಗೆ ಕೆಲಸ ಕೊಡುತ್ತೇವೆ ಎಂದಿತ್ತು. ಒಂದೇ ಒಂದು ಕೆಲಸ. ನೂರು ಮೀಟರಿನಲ್ಲಿ ಕೂಟದ ದಾಖಲೆ ಮುರಿದವಳು ಪ್ರಣಮ್ಯಾ, ನಾನೂರು ಮೀಟರಿನಲ್ಲಿ ಮುರಿದವಳು ಅಶ್ವಿತಾ. ಇಬ್ಬರಲ್ಲಿ ಯಾರು ಮೇಲು ಎಂದು ಹೇಳುವುದು ಹೇಗೆ? ಆ ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್ ಗುರುಚರಣ ನನ್ನ ಮಗ. “ಅಪ್ಪಾ, ಯಾರೂ ಬಾಯಿ ತೆಗೀದ ಹಾಗೆ ಒಂದು ಟೇಬಲ್ ಹಾಕ್ಕೊಡು,” ಅಂದ. ನಲವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನಿಗೆ ಇಷ್ಟು ಸಾಕು, ಉಬ್ಬಿಹೋಗಲು.

“ಹತ್ತು ವರ್ಷ ಫೈನಲ್ ಓಡಿದವರನ್ನೆಲ್ಲ ತೊಗೊಂಡೆ ಚಂದ್ರಮತಿ. ನೂರು ಮೀಟರಿಗೆ ಸರಾಸರಿ ಹನ್ನೆರಡು ಬಿಂದು ಎಂಟು ಸೆಕೆಂಡ್. ಅದರಿಂದ ಒಬ್ಬೊಬ್ಬಳು ಈಚೆ ಆಚೆ ಆಗೋದು ಸಾಧಾರಣವಾಗಿ ಸೆಕೆಂಡಿನ ಮೂರನೇ ಒಂದು ಪಾಲು. ಅದನ್ನ ಒಂದು ಗೇಣು ಅಂದ್ಕೋ. ನಾನೂರಕ್ಕೆ ಗೇಣೇ ಬೇರೆ, ಒಂದೂವರೆ ಸೆಕೆಂಡಿನ ಮೇಲೆ. ಅವರವರ ಓಟದ ಗೇಣಿನಲ್ಲಿ ಅಳೆದರೆ ಯಾರನ್ನ ಯಾರ ಪಕ್ಕ ಬೇಕಾದರೂ ನಿಲ್ಲಿಸಬಹುದು. ಪ್ರಣಮ್ಯಾ ಸರಾಸರಿಗಿಂತ ಎರಡು ಬಿಂದು ಐದು ಗೇಣು ಮುಂದೆ. ಅಶ್ವಿತಾ ಎರಡು ಬಿಂದು ನಾಲ್ಕು ನಾಲ್ಕು.”

“ಅಷ್ಟಕ್ಕೇ ಸೋಲಾ?”

“ಅಷ್ಟಕ್ಕೇ.”

ಶೀನ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದ.

“ಇಷ್ಟು ದಿನ ಗೆದ್ದವರನ್ನೇ ನೋಡ್ತಿದ್ದೆ. ಇವತ್ತು ಬೆಳಿಗ್ಗೆ ಸೋತವರನ್ನ ನೋಡಿದೆ,” ಎಂದು ಮುಂದುವರಿಸಿದೆ. “ನೂರು ಮೀಟರಿನಲ್ಲಿ ಈ ಸಲ ಎಂಟನೆಯವಳಾಗಿ ಬಂದ ಹುಡುಗಿ ಹೋದ ವರ್ಷ ಓಡಿದ್ದರೆ ಐದನೆಯವಳು. ಏಳನೆಯವಳೂ ಹಾಗೇ, ಆರನೆಯವಳೂ ಹಾಗೇ. ಎಲ್ಲರೂ ಒಟ್ಟಿಗೆ ಸುಮಾರು ಮೂರು ಹತ್ತಂಶ ಸೆಕೆಂಡು ಚುರುಕಾಗಿದಾರೆ. ಒಬ್ಬಳು ದಾಖಲೆ ಮಾಡಿದರೆ ಅವಳೊಬ್ಬಳೇ ಮುಂದೆ ಹೋಗಬೇಕು. ಇಲ್ಲಿ ಇಡೀ ಬೀದಿಯೇ ಎದ್ದು ಹೋಗಿದೆ.”

“ಎಲ್ಲರೂ ಔಷಧಿ ತಕೊಂಡ್ರಾ?”

“ಗಂಡುಮಕ್ಕಳ ನೂರು ಮೀಟರೂ ಹಾಗೇ. ಗಂಡು ಹೆಣ್ಣು ಇಬ್ಬರ ಇನ್ನೂರೂ ಹಾಗೇ. ಆದರೆ ನಾನೂರು, ಎಂಟುನೂರು ಮಾಮೂಲು.”

“ಈ ಸಲ ಶೋಳಿಂಗನಲ್ಲೂರಿನ ಹೊಸ ಗ್ರೌಂಡು ಅಲ್ವಾ? ಟ್ರ್ಯಾಕು ಜೋರುಂಟೋ ಏನೋ.”

“ನಾನೂರು ಓಡಿದ್ದೂ ಅದೇ ಟ್ರ್ಯಾಕಿನ ಮೇಲೇ.”

“ಗಾಳಿ?”

“ಆ ದಿನ ಗಾಳಿ ಅಳೆಯೋ ಯಂತ್ರ ಅಲ್ಲಾಡಲೇ ಇಲ್ಲ. ಚಂದ್ರಮತಿ, ತಪ್ಪು ಓಡಿದವರಲ್ಲಿಲ್ಲ. ವಾಚು ಹಿಡಿದವರಲ್ಲಿದೆ.”

ಶೀನನ ಕೈ ನಿಂತಿತು. “ಅಂದ್ರೆ ಅವಳು ಸೋಲ್ಲಿಲ್ವಾ ಸಾರ್?”

ಆ ಮುಖದಲ್ಲಿ ಆಸೆ ಕಂಡು ನನಗೆ ಹೆದರಿಕೆಯಾಯಿತು. ಮಗಳು ಬದುಕಿದ್ದಾಳೆಯೇ ಎಂಬುದಕ್ಕಿಂತ ಮಗಳಿಗೆ ಅನ್ಯಾಯವಾಯಿತೇ ಎಂಬುದು ಆ ಮನುಷ್ಯನಿಗೆ ಕೈಗೆಟುಕುವ ಪ್ರಶ್ನೆಯಾಗಿತ್ತು. ಅದಕ್ಕಾದರೂ ಉತ್ತರ ಸಿಗಲಿ ಎಂದು ಹಿಡಿದುಕೊಂಡಿದ್ದ.

“ಸಾಯಂಕಾಲದೊಳಗೆ ಹೇಳ್ತೀನಿ ಶೀನ,” ಎಂದು ಮಾತು ಕೊಟ್ಟೆ. ಕೊಡಬಾರದಿತ್ತು.

ಮೋನಪ್ಪ ಕೂಟದ ಮುಖ್ಯ ಟೈಮ್‌ಕೀಪರ್. ರೈಲ್ವೆಯಿಂದ ನಿವೃತ್ತನಾಗಿ ಪೆರಂಬೂರಿನಲ್ಲಿ ಎರಡು ಕೋಣೆಯ ಮನೆಯಲ್ಲಿದ್ದ. ಎಪ್ಪತ್ತೊಂದು ವಯಸ್ಸು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಗೋಡೆಯ ಮೊಳೆಗಳಿಂದ ನಾಲ್ಕು ಸ್ಟಾಪ್‌ವಾಚುಗಳು ನೇತಾಡುತ್ತಿದ್ದವು. ಕಪಾಟಿನ ಗಾಜಿನ ಹಿಂದೆ ಪ್ರತಿ ವರ್ಷದ ಕೂಟದ ಬ್ಯಾಡ್ಜುಗಳನ್ನು ಸಾಲಾಗಿ ಚುಚ್ಚಿಟ್ಟಿದ್ದ.

ನನ್ನ ಕಾಗದವನ್ನು ಅವನು ನೋಡಲಿಲ್ಲ.

“ಒಂದು ಸ್ಥಾನಕ್ಕೆ ಮೂರು ಜನ ವಾಚು ಹಿಡಿಯುವುದು, ನಡುವಿನದ್ದನ್ನು ಬರೆಯುವುದು. ನಿಯಮ ಹಾಗೆ ಉಂಟು. ನಾವು ಹಾಗೇ ಮಾಡಿದ್ದು,” ಎಂದ.

“ಮೂವರೂ ಒಟ್ಟಿಗೆ ತಪ್ಪಿದರೆ?” ಎಂದೆ.

“ಮೂರು ಜನ ಒಂದೇ ತಪ್ಪು ಹೇಗೆ ಮಾಡ್ತಾರೆ ಮಾರಾಯ್ರೆ?”

“ನೂರು ಮೀಟರಿಗೆ ಗನ್ ಹೊಡೆಯೋವನು ನಿಮ್ಮಿಂದ ನೂರು ಮೀಟರ್ ದೂರ. ಇನ್ನೂರಕ್ಕೆ ಮೈದಾನದ ಆಚೆ ಮೂಲೆಯಲ್ಲಿ, ಇನ್ನೂ ಕೊಂಚ ಹೆಚ್ಚು ದೂರ. ನಾನೂರು, ಎಂಟುನೂರಕ್ಕೆ ನಿಮ್ಮ ಪಕ್ಕದಲ್ಲೇ. ಎಲ್ಲಿ ಗನ್ ದೂರವೋ ಅಲ್ಲೇ ಸಮಯ ಕಮ್ಮಿಯಾಗಿದೆ ಮೋನಪ್ಪನವರೇ. ಎಲ್ಲಿ ಹತ್ತಿರವೋ ಅಲ್ಲಿ ಸರಿಯಾಗಿದೆ.”

ಚಂದ್ರಮತಿ ನನ್ನ ಕಡೆ ತಿರುಗಿದಳು. ಅವಳಿಗೆಂದೇ ಬಿಡಿಸಿ ಹೇಳಿದೆ. ಹೊಳೆಯಾಚೆ ಬಟ್ಟೆ ಒಗೆಯುವವನ ಕೈ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗನ್ನೂ ಹಾಗೆಯೇ. ಅದರ ಹೊಗೆ ಕಂಡ ಕೂಡಲೇ ವಾಚು ಒತ್ತಬೇಕು. ಸದ್ದಿಗೆ ಕಾದರೆ ನೂರು ಮೀಟರ್ ಬರುವಷ್ಟರಲ್ಲಿ ಮೂರು ಹತ್ತಂಶ ಸೆಕೆಂಡು ಹೋಗಿಬಿಡುತ್ತದೆ. ಹುಡುಗಿಯರು ಆಗಲೇ ಓಡುತ್ತಿರುತ್ತಾರೆ, ವಾಚು ನಿದ್ದೆ ಮಾಡುತ್ತಿರುತ್ತದೆ.

“ಆ ದಿನ ನಿಮಗೆ ಹೊಗೆ ಕಂಡಿತಾ?” ಎಂದು ಮೋನಪ್ಪನನ್ನು ಕೇಳಿದೆ.

ಅವನು ಎದ್ದು ಹೋಗಿ ಒಂದು ವಾಚನ್ನು ಮೊಳೆಯಿಂದ ತೆಗೆದ. ಒತ್ತಿದ, ನಿಲ್ಲಿಸಿದ, ಮತ್ತೆ ಒತ್ತಿದ. ಚಂದ್ರಮತಿ ಅವಸರ ಮಾಡಲಿಲ್ಲ.

“ಕಾಣ್ಲಿಲ್ಲ,” ಎಂದ ಕೊನೆಗೆ. “ಗನ್ನಿನವನ ಹಿಂದೆ ಆ ಐಟಿ ಕಂಪನಿಯ ಕಟ್ಟಡ. ಅಷ್ಟೂ ಬಿಳಿ. ಬಿಳಿಯ ಮುಂದೆ ಬಿಳಿ ಹೊಗೆ ಎಂತ ಕಾಣುದು? ಮೂರು ಜನವೂ ಸದ್ದಿಗೇ ಒತ್ತಿದ್ದು.”

“ಪ್ರತಿ ವರ್ಷ ಹೇಗೆ ಕಾಣ್ತಿತ್ತು?”

“ಕಪ್ಪು ಹಲಗೆ ಇಡುದಲ್ವಾ ಗನ್ನಿನವನ ಹಿಂದೆ. ನನ್ನದೇ ಹಲಗೆ, ನಾನೇ ಬಣ್ಣ ಬಳಿದದ್ದು. ಬೆಳಿಗ್ಗೆ ಐದೂವರೆಗೆ ಟೆಂಪೋದಲ್ಲಿ ತಂದು ಸ್ಟಾರ್ಟಿನ ಹತ್ತಿರ ಶೆಡ್ಡಿಗೆ ಒರಗಿಸಿ ಇಟ್ಟಿದ್ದೆ. ಓಟದ ಹೊತ್ತಿಗೆ ನೋಡಿದ್ರೆ ಇಲ್ಲ. ಹುಡುಕಿಸಿದೆ. ಕಮಿಟಿಯವರು ತಡ ಆಯ್ತು, ಶುರು ಮಾಡಿ ಅಂದ್ರು.”

“ರಿಪೋರ್ಟಿನಲ್ಲಿ ಬರೀಲಿಲ್ಲ ಯಾಕೆ?” ನನ್ನ ದನಿ ಏರಿತ್ತು. “ಒಂದು ಸಾಲು. ಒಂದೇ ಸಾಲು ಬರೆದಿದ್ದರೆ ನಾನು ಮೂರು ಹತ್ತಂಶ ಸೇರಿಸ್ತಿದ್ದೆ. ಪ್ರಣಮ್ಯಾ ಎರಡೂವರೆಯಿಂದ ಒಂದು ಬಿಂದು ಆರು ಗೇಣಿಗೆ ಇಳೀತಿದ್ದಳು. ಆ ಹುಡುಗಿ ಗೆದ್ದಿದ್ದಳಯ್ಯಾ.”

“ಬರೆದ್ರೆ ಮುದುಕನಿಗೆ ಕಣ್ಣು ಕಾಣುದಿಲ್ಲ ಅಂತ ಮುಂದಿನ ವರ್ಷ ಕರೀತಿರ್ಲಿಲ್ಲ.” ಅವನು ಕಪಾಟಿನ ಬ್ಯಾಡ್ಜುಗಳ ಕಡೆ ನೋಡಿದ. “ವರ್ಷಕ್ಕೆ ನಾಲ್ಕು ದಿನ ನಾನು ಹೇಳಿದ್ದನ್ನು ಜನ ಬರ್ಕೊಳ್ತಾರೆ ಸಾರ್. ಉಳಿದ ದಿನ ಈ ಮನೆಯಲ್ಲಿ ಯಾರೂ ನನ್ನನ್ನು ಗಂಟೆ ಎಷ್ಟು ಅಂತ ಕೂಡ ಕೇಳುದಿಲ್ಲ.”

ಬೈಯಬೇಕೆಂದಿದ್ದೆ. ಆಗಲಿಲ್ಲ. ಮಗ ಒಂದು ಟೇಬಲ್ ಕೇಳಿದಾಗ ನಾನು ಉಬ್ಬಿದ್ದೂ ಇದೇ ಕಾರಣಕ್ಕೆ. ಇಬ್ಬರು ಮುದುಕರ ಬಡಾಯಿಗೆ ಒಂದು ಹುಡುಗಿ.

“ಹಲಗೆ ಕೊನೆಗೆ ಸಿಕ್ಕಿತಾ?” ಚಂದ್ರಮತಿ ಕೇಳಿದಳು.

“ಸಂಜೆ ಸಿಕ್ಕಿತು. ಅಡುಗೆಯವರು ಹೊತ್ಕೊಂಡು ಹೋಗಿದ್ರು.”

ಅವಳು ತನ್ನ ಫೋನು ತೆಗೆದು ಅವನ ಮುಂದೆ ಹಿಡಿದಳು. ಪೋಸ್ಟರಿಗೆ ಕತ್ತರಿಸುವ ಮೊದಲಿನ ಇಡೀ ಫೋಟೋ. ಸೌಟು, ಓಟದ ನಂಬರು, ಹಿಂದೆ ಸೀಮೆಸುಣ್ಣದಲ್ಲಿ ಬಿಸಿಬೇಳೆಬಾತ್, ಮೊಸರನ್ನ, ಉಪ್ಪಿನಕಾಯಿ.

“ಇದೇ,” ಎಂದ ಮೋನಪ್ಪ. “ನನ್ನ ಹಲಗೆ.”

ಶೀನನ ಹೋಟೆಲಿನ ಬಾಗಿಲಲ್ಲಿ ಮೂವತ್ತು ವರ್ಷಗಳಿಂದ ಒಂದು ಕಪ್ಪು ಹಲಗೆ ಇದೆ. ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ಅವನ ಮೊದಲ ಕೆಲಸ ಅದರ ಮೇಲೆ ಇಂದಿನ ಸ್ಪೆಷಲ್ ಬರೆಯುವುದು. ಹಾಗೆ ಬರೆಯದೆ ಊಟ ಬಡಿಸುವುದು ಅವನಿಗೆ ಗೊತ್ತೇ ಇಲ್ಲ. ಮೈದಾನದಲ್ಲಿ ಯಾರದೂ ಅಲ್ಲದ ಹಾಗೆ ಒರಗಿದ್ದ ಹಲಗೆ ಕಂಡಿದೆ, ಎತ್ತಿಕೊಂಡು ಬಂದಿದ್ದಾನೆ. ಮಗಳು ಓಡುವ ದಿನ, ಬರಹ ದುಂಡಗೆ, ಎಂದಿಗಿಂತ ಚೆನ್ನಾಗಿದೆ.

ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಸಂಜೆಯೊಳಗೆ ಹೇಳುತ್ತೇನೆ ಎಂದು ಆ ಮನುಷ್ಯನಿಗೆ ಮಾತು ಕೊಟ್ಟು ಬಂದಿದ್ದೆ.

“ಈ ಫೋಟೋ ನೋಡಿ ಆ ಹುಡುಗಿಗೂ ಹೀಗೇ ಆಯ್ತು,” ಎಂದ ಮೋನಪ್ಪ.

ಚಂದ್ರಮತಿಯ ಬೆನ್ನು ನೆಟ್ಟಗಾಯಿತು. “ಯಾವ ಹುಡುಗಿಗೆ?”

“ಅಶ್ವಿತಾ. ಗುರುವಾರ ಮಧ್ಯಾಹ್ನ ಇಲ್ಲಿಗೆ ಬಂದಿದ್ಳು. ನೀವು ಕೂತಲ್ಲೇ ಕೂತದ್ದು.”

“ಹತ್ತೊಂಬತ್ತು ದಿನದಿಂದ ಇದನ್ನು ಬಾಯಲ್ಲಿಟ್ಕೊಂಡು ಕೂತಿದ್ದೀರಾ?”

“ಯಾರಿಗೂ ಹೇಳ್ಬೇಡಿ ಅಂದ್ಳು ಅಮ್ಮಾ. ಆಮೇಲೆ ಸ್ಕೂಟರ್ ಸಿಕ್ಕಿದ ಮೇಲೆ...” ಅವನು ವಾಚನ್ನು ಮೊಳೆಗೆ ಮರಳಿ ತೂಗಿಹಾಕಿದ. “ಆಮೇಲೆ ಹೆದರಿಕೆ ಆಯ್ತು.”

ಅವನಿಂದ ತುಂಡು ತುಂಡಾಗಿ ಹೊರಬಂದದ್ದು ಇಷ್ಟು. ನೂರು ಮೀಟರ್ ಫೈನಲಿನ ಹೊತ್ತಿಗೆ ಅಶ್ವಿತಾ ಮುಕ್ತಾಯದ ಗೆರೆಯ ಹತ್ತಿರ ಮೈ ಕಾಯಿಸಿಕೊಳ್ಳುತ್ತಿದ್ದಳು. ಓಡುವವರು ಎದ್ದ ಮೇಲೆ ನಿಮ್ಮ ಮೂವರ ಹೆಬ್ಬೆರಳು ಅಲ್ಲಾಡಿತು ಮಾವ, ನಾನು ನೋಡಿದೆ, ಎಂದಳಂತೆ. ಫಲಿತಾಂಶ ಬರುವ ತನಕ ಅದಕ್ಕೆ ಅರ್ಥ ಹಚ್ಚಿರಲಿಲ್ಲ. ಹಲಗೆ ಎಲ್ಲಿ ಹೋಯಿತು ಎಂದು ಕೇಳಿದಳು. ಅಡುಗೆಯವರು ಒಯ್ದರು ಎಂದ. ಅವಳು ತನ್ನ ಫೋನು ತೆಗೆದು ಈ ಫೋಟೋವನ್ನೇ ಬಹಳ ಹೊತ್ತು ನೋಡಿದಳು. ನೀರು ಕೇಳಿ ಕುಡಿದಳು. ದೂರು ಕೊಡುವುದಿಲ್ಲ, ಕೊಟ್ಟರೆ ಹಲಗೆ ತೆಗೆದವರು ಯಾರು ಎಂದು ಕೇಳುತ್ತಾರೆ, ಅಪ್ಪನಿಗೆ ಗೊತ್ತಾದರೆ ಆಮೇಲೆ ಅವರು ಒಲೆಯ ಮುಂದೆ ನಿಲ್ಲಲಾರರು, ಎಂದಳು.

“ನಾನೇ ಒಂದು ದಾರಿ ಹೇಳಿದೆ,” ಎಂದ ಮೋನಪ್ಪ. “ಹಲಗೆ ಸುದ್ದಿ ಎತ್ತುದೇ ಬೇಡ. ವಾಚಿನ ತಪ್ಪು ಅಂತ ನಾನು ಬರ್ದು ಕೊಡ್ತೇನೆ, ಟೇಬಲ್ ಮಾಡಿದ ಪ್ರೊಫೆಸರ್ ತಿದ್ದಿದ್ರೆ ಮುಗೀತು, ಅವರ ಹತ್ರ ಹೋಗು ಅಂತ. ಬರ್ದು ಸಹಿಯೂ ಹಾಕಿ ಕೊಟ್ಟೆ. ಇಲ್ಲಿಂದ ಸೀದಾ ನಿಮ್ಮ ಮನೆಗೇ ಹೊರಟದ್ದು ಸಾರ್.”

“ನನ್ನ ಮನೆಗೆ ಯಾರೂ ಬರಲಿಲ್ಲ,” ಎಂದೆ.

“ಅಡ್ರೆಸ್ಸು ನಾನೇ ಕೊಟ್ಟದ್ದು.”

ಚಂದ್ರಮತಿ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದಳು.

ಆಟೋದಲ್ಲಿ ಅವಳು ಒಂದೇ ಸಲ ಬಾಯಿ ತೆರೆದಳು.

“ಗುರುವಾರ ಸಂಜೆ ನೀವೆಲ್ಲಿದ್ದಿರಿ?”

“ಗುರುವಾರ ಸಾಯಂಕಾಲ ನಾನೂ ನಮ್ಮಾಕೆಯೂ ತಿರುವಲ್ಲಿಕ್ಕೇಣಿ ಮಠಕ್ಕೆ ಹೋಗ್ತೀವಿ. ಇಪ್ಪತ್ತು ವರ್ಷದಿಂದ ತಪ್ಪಿಸಿಲ್ಲ.”

ಮನೆಯಲ್ಲಿ ಯಾರಿದ್ದರು ಎಂದು ಅವಳು ಕೇಳಲಿಲ್ಲ. ತಲೆನೋವೆಂದು ಆ ದಿನ ಬೇಗ ಬಂದ ಗುರುಚರಣನಿಗೆ ನನ್ನ ಹೆಂಡತಿ ಜಯಲಕ್ಷ್ಮೀ ಕಷಾಯ ಕಾಸಿಟ್ಟು ಹೊರಟದ್ದು ನನಗೆ ನೆನಪಿತ್ತು. ನನ್ನ ಟೇಬಲ್ ತೋರಿಸಿ ಪ್ರಣಮ್ಯಾಳ ಕೆಲಸದ ಆರ್ಡರಿಗೆ ಸಹಿ ಹಾಕಿದವನೂ ಅವನೇ. ಅಂದಿನಿಂದ ಹತ್ತೊಂಬತ್ತು ದಿನ ಅವನು ನಮ್ಮ ಜೊತೆ ಕೂತು ಉಂಡಿದ್ದಾನೆ. ನಾನು ಪ್ರತಿ ದಿನ ಆ ಹುಡುಗಿಯ ಮಾತೆತ್ತಿದ್ದೇನೆ. “ಪಾವಂಪಾ,” ಎಂದು ತಮಿಳಿನಲ್ಲಿ ಮರುಗಿ ಮೊಸರು ಹಾಕಿಸಿಕೊಂಡಿದ್ದಾನೆ.

ಮಾಂಬಲದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಹೊರಗಿನವರು ಬಂದರೆ ಹೆಸರು ಬರೆಯುವ ಪುಸ್ತಕವೊಂದಿದೆ. ಅದನ್ನು ಸಂಘದ ಸಭೆಯಲ್ಲಿ ಹಟ ಹಿಡಿದು ಇಡಿಸಿದವನು ನಾನೇ. ಬಂದ ಹೊತ್ತು, ಹೋದ ಹೊತ್ತು, ವಾಹನದ ನಂಬರು, ಹೋಗುವಾಗ ಸಹಿ. ಕಾವಲುಗಾರ ಹಿಂದಕ್ಕೆ ಪುಟ ತಿರುಗಿಸಿ ಆ ಗುರುವಾರ ತೋರಿಸಿದ.

ಅಶ್ವಿತಾ. ಐದು ನಲವತ್ತು. ಸಿ ನಾಲ್ಕು. ನೋಡಬೇಕಾದವರು: ಪ್ರೊಫೆಸರ್. ದುಂಡಗಿನ ಅಕ್ಷರ, ಅಪ್ಪನದೇ ಕೈ.

ಆ ಪುಟದ ಬೇರೆಲ್ಲ ಸಾಲುಗಳಲ್ಲೂ ಹೋದ ಹೊತ್ತು ಇತ್ತು, ಸಹಿ ಇತ್ತು. ಅವಳ ಸಾಲಿನಲ್ಲಿ ಆ ಎರಡು ಅಂಕಣ ಖಾಲಿ.

“ಗುರು ಸಾರ್ ದಾನ್ ಮೇಲೆ ಅನುಪ್ಪ ಸೊನ್ನಾರು,” ಎಂದ ಕಾವಲುಗಾರ. ಮೇಲಕ್ಕೆ ಕಳಿಸು ಎಂದವನು ನನ್ನ ಮಗನೇ.

“ವಂಡಿ?” ಎಂದಳು ಚಂದ್ರಮತಿ.

ಅವನು ಅತಿಥಿಗಳ ವಾಹನ ನಿಲ್ಲಿಸುವ ಜಾಗದ ಕಡೆ ಕೈ ತೋರಿಸಿದ. ಆ ಸ್ಕೂಟರು ಗುರುವಾರದಿಂದ ಅಲ್ಲೇ ಇತ್ತು, ಶನಿವಾರ ಸಂಜೆಯೂ ನೋಡಿದ್ದೆ, ಭಾನುವಾರ ಡ್ಯೂಟಿಗೆ ಬಂದಾಗ ಇರಲಿಲ್ಲ ಎಂದ. ಅಂದರೆ ಸ್ಕೂಟರನ್ನು ಗುರುಚರಣನ ಕಾರ್ಖಾನೆಯಿರುವ ಮಣಲಿಯ ಕಾಲುವೆಗೆ ಓಡಿಸಿಕೊಂಡು ಹೋದದ್ದು ಗುರುವಾರ ಅಲ್ಲ. ನಾನು ದಿನಾ ಬೆಳಿಗ್ಗೆ ಆ ಜಾಗದಲ್ಲೇ ಹತ್ತು ಸುತ್ತು ನಡೆಯುತ್ತೇನೆ. ಎರಡು ದಿನ ಅದನ್ನು ಸುತ್ತುಹಾಕಿಕೊಂಡು ನಡೆದಿದ್ದೇನೆ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಶೀನ. ಹಿಂದೆ ಟಿಫಿನ್ ಹೊತ್ತಿನ ತಟ್ಟೆಗಳ ಸದ್ದು.

“ಸಂಜೆ ಆಯ್ತು ಸಾರ್. ಹೇಳ್ತೇನೆ ಅಂದಿದ್ರಿ. ನನ್ನ ಮಗಳು ನಿಜವಾಗಿ ಸೋತದ್ದಾ?”

“ಇಲ್ಲ ಶೀನ,” ಎಂದೆ. “ಅವಳೇ ಗೆದ್ದಿದ್ದು.”

ಆ ಕಡೆ ಒಂದು ಲೋಟ ಕೆಳಗಿಟ್ಟ ಸದ್ದಾಯಿತು. “ಹಾಗಾದ್ರೆ ಯಾರು ಸಾರ್ ತಪ್ಪು ಮಾಡಿದ್ದು? ಯಾರಂತ ಹೇಳಿ ನನಗೆ.”

ನಾನು ಬಾಯಿ ತೆರೆದೆ. ಚಂದ್ರಮತಿ ನನ್ನ ತೋಳು ಹಿಡಿದು ಮೇಲೆ ನೋಡುವಂತೆ ಸನ್ನೆ ಮಾಡಿದಳು. ಎರಡನೇ ಮಹಡಿಯಲ್ಲಿ ನಮ್ಮ ಮನೆಯ ಬಾಲ್ಕನಿ. ಗುರುಚರಣ ಕಟಕಟೆಗೆ ಕೈಯೂರಿ ನಿಂತು ನಮ್ಮನ್ನೂ ನಮ್ಮ ನಡುವೆ ತೆರೆದಿದ್ದ ಪುಸ್ತಕವನ್ನೂ ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. ನನ್ನ ಕಣ್ಣಿಗೆ ಕಣ್ಣು ಸೇರಿದ ಮೇಲೆ ಅವನು ನಿಧಾನವಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

“ಸಾರ್?” ಎನ್ನುತ್ತಿದ್ದ ಶೀನ. “ಯಾರು ಸಾರ್?”